ಚುಕ್ಕಿ ನಾಲ್ಕು ಸಲ ಹಾರಿತ್ತು

ನನ್ನ ಗಂಡ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ತೂಕ ನೋಡುತ್ತಿದ್ದರು. ಬಟ್ಟಲಲ್ಲಿ ನೀರು ಪೂರಾ ಇಂಗುವವರೆಗೆ ಕಾಯಿಸಿದರೆ ತಳದಲ್ಲಿ ಒಂದಿಷ್ಟು ಪುಡಿ ಉಳಿಯುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಅದನ್ನಿಟ್ಟು, ಉಸಿರು ಬಿಗಿಹಿಡಿದು, ತೂಕ ಬರೆಯಬೇಕು. ಇಪ್ಪತ್ತಾರು ವರ್ಷ ಹಾಗೆ ಉಸಿರು ಹಿಡಿದರು. ಮನೆಯಲ್ಲೂ ಮೆಲ್ಲಗೇ ಉಸಿರಾಡುತ್ತಿದ್ದರು. ಪಕ್ಕದಲ್ಲಿ ಮಲಗಿದರೆ ಕೆರೆಯ ತಳದಲ್ಲಿ ಮಲಗಿದ ಹಾಗಿರುತ್ತಿತ್ತು.

ತೂಕವೆಂದರೆ ದಶಮಾಂಶದ ಚುಕ್ಕಿ, ಅದರಾಚೆ ಸೊನ್ನೆಗಳ ಸಾಲು. ಅದನ್ನು ಹತ್ತರ ತಲೆ ಮೇಲೆ ಪುಟ್ಟ ಅಂಕಿ ಇಟ್ಟು ಚಿಕ್ಕದು ಮಾಡಿ ಪುಸ್ತಕಕ್ಕೆ ಏರಿಸಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒಂದು ರಜೆಯ ಮಧ್ಯಾಹ್ನ ನನ್ನ ತೋಳಿನ ಮೇಲೆ ಬೆರಳಿಟ್ಟು ಹೇಳಿಕೊಟ್ಟರು.

"ಚುಕ್ಕಿ ಇಲ್ಲಿದೆ. ಸೊನ್ನೆ ಅಲ್ಲದ ಮೊದಲನೇ ಅಂಕಿ ದಾಟೋ ತನಕ ಹಾರಿಸು. ಸೊನ್ನೆ ಎಣಿಸಬೇಡ, ಹಾರಿದ್ದು ಎಣಿಸು. ಬಲಕ್ಕೆ ಹಾರಿದ್ರೆ ಹತ್ತರ ತಲೆ ಮೇಲೆ ಮೈನಸ್. ಎಡಕ್ಕಾದ್ರೆ ಬರೀ ಅಂಕಿ."

"ಕಚಗುಳಿ ಆಗುತ್ತೆ, ಬಿಡಿ ಅಂದ್ರೆ."

"ನಿನ್ನ ಕೋಪ ಹತ್ತರ ತಲೆ ಮೇಲೆ ಒಂಬತ್ತು ಕಣೇ."

"ನಿಮ್ಮ ಬುದ್ಧಿಗೆ ಮೈನಸ್ ಹಾಕ್ಕೊಳ್ಳಿ."

ಪರದೆ ಅಲುಗುತ್ತಿತ್ತು. ಬೆರಳು ಮೊಣಕೈ ತನಕ ಹೋಗಿ ಮತ್ತೆ ಬರುತ್ತಿತ್ತು. ನಿದ್ದೆ ಯಾವಾಗ ಬಂತೋ.

ತೀರಿಕೊಂಡ ದಿನ ಬೆಳಿಗ್ಗೆ ತಲೆ ತಿರುಗುತ್ತಿದೆ ಎಂದಿದ್ದರು. ಕಾಫಿ ಕುಡಿದು, ಈಗ ಸರಿಹೋಯಿತು ಎಂದರು. ಕಳಿಸಿದೆ. ಸಂಜೆ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಸಿದರು.

ತಿಂಗಳಾದ ಮೇಲೆ ಅವರ ಕನ್ನಡಕ ತರಲು ಹೋದೆ. ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಹುಡುಗಿ ಹೊಸಬಳು. ಬಾಕಿ ಉಳಿದಿದ್ದು ಅವರ ಕೊನೆಯ ಪುಟ. ಅದಕ್ಕೆ ಉದ್ದಕ್ಕೂ ಕೆಂಪು ಗೀಟು ಎಳೆದಿದ್ದಳು.

"ಪಾಪ, ಅವತ್ತು ತಲೆ ಓಡಿಲ್ಲ ಅನ್ಸುತ್ತೆ ಆಂಟಿ. ಎಲ್ಲದಕ್ಕೂ ಒಂದೊಂದು ಜಾಸ್ತಿ ಬರೆದಿದಾರೆ. ನೋಡಿ, ಇದು ಮೈನಸ್ ಮೂರು ಇರಬೇಕಿತ್ತು."

ತಲೆ ಓಡದವರನ್ನು ನಾನೇ ಬಾಗಿಲ ತನಕ ಬಂದು ಕಳಿಸಿದ್ದೆನೇ?

"ತೂಕ ಎಷ್ಟು ಬಂದಿತ್ತು, ತೋರಿಸಮ್ಮ."

0.00072 ಗ್ರಾಂ. ಪಕ್ಕದಲ್ಲಿ ಅವರ ಕೈಬರಹ, 7.2 × 10⁻⁴.

"ಚುಕ್ಕಿ ಆದ್ಮೇಲೆ ಸೊನ್ನೆ ಮೂರೇ ಅಲ್ವಾ?" ಎಂದಳು.

"ಸೊನ್ನೆ ಕಟ್ಕೊಂಡು ಏನ್ಮಾಡ್ತೀಯ ತಾಯಿ? ಚುಕ್ಕಿ ಹಾರಿಸು."

ಅವಳ ಪೆನ್ಸಿಲ್ ತೆಗೆದುಕೊಂಡೆ. ಮೂರು ಸೊನ್ನೆ ದಾಟಿಸಿದೆ. ಏಳನ್ನೂ ದಾಟಿಸಿದೆ. ನಾಲ್ಕು.

ಹುಡುಗಿ ತಾನೂ ಹಾರಿಸಿ ನೋಡಿದಳು. ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನಂದೇ ತಪ್ಪು ಆಂಟಿ."

"ಇರ್ಲಿ. ಉಳಿದಿದ್ದೂ ನೋಡೋಣ."

ಹದಿನಾಲ್ಕು ಸಾಲು. ಇಬ್ಬರೂ ಕೂತು ಒಂದೊಂದೇ ಹಾರಿಸಿದೆವು. ಕಿಟಕಿಯ ಬೆಳಕು ಪುಟದಿಂದ ಮೇಜಿಗೆ, ಮೇಜಿನಿಂದ ಗೋಡೆಗೆ ಸರಿಯಿತು. ಹೊತ್ತು ಹೋದದ್ದು ತಿಳಿಯಲಿಲ್ಲ. ಒಂದೂ ತಪ್ಪಿರಲಿಲ್ಲ. ಕೊನೆಯ ಸಾಲಿನಲ್ಲೂ ಕೈ ನಡುಗಿರಲಿಲ್ಲ.

ಹುಡುಗಿ ಗೀಟಿನ ಪಕ್ಕ 'ಸರಿಯಿದೆ' ಎಂದು ಬರೆದು ಸಹಿ ಹಾಕಿದಳು.

ಅವತ್ತು ಅವರ ತಲೆ ನೆಟ್ಟಗೇ ಇತ್ತು. ಅಷ್ಟು ನೆಮ್ಮದಿ ಸಿಕ್ಕಿತು. ನೆಟ್ಟಗಿದ್ದವರು ಹೋಗಿಬಿಟ್ಟರಲ್ಲ ಎಂಬ ಸಿಟ್ಟು ಮಾತ್ರ ಹಾಗೇ ಇದೆ.