ಅರ್ಧ ಬದಲಾದ ನೀರಿನ ಪಾಳಿ

ಉಗಾರ ಬುದ್ರುಕದ ಹತ್ತಿರ ಕೃಷ್ಣೆಯಿಂದ ಹೊಲಗಳಿಗೆ ನೀರೆತ್ತುವ ರೈತರ ಸಂಘವೊಂದಿದೆ. ಯಾರ ಹೊಲಕ್ಕೆ ಯಾವ ದಿನ ನೀರು ಎಂಬ ಪಾಳಿಯನ್ನು ಅಲ್ಲಿ ಕಂಪ್ಯೂಟರಿನಲ್ಲಿ ಇಡುತ್ತಾರೆ. ಆ ಪ್ರೋಗ್ರಾಂ ಬರೆದವರು ಕೆಲಸ ಬಿಟ್ಟು ಹೋದಮೇಲೆ ಅದನ್ನು ನೋಡಿಕೊಳ್ಳುವುದು ಚಿಕ್ಕೋಡಿಯಲ್ಲಿದ್ದ ನನ್ನ ಪಾಲಿಗೆ ಬಂತು.

ಒಂದು ಬೆಳಿಗ್ಗೆ ಸಂಘದಿಂದ ಫೋನ್ ಬಂತು. ಬಸದಿಯಲ್ಲಿ ಪೂಜೆಯಿದ್ದ ಕಾರಣ ಹಿರಿಯ ಜೈನ ರೈತರೊಬ್ಬರು ಪಕ್ಕದ ಹೊಲದ ಹೆಣ್ಣುಮಗಳ ಜೊತೆ ಪಾಳಿ ಬದಲಿಸಿಕೊಂಡಿದ್ದರು. ಪರದೆಯ ಮೇಲೆ ‘ಬದಲಾಗಿದೆ’ ಎಂದೇ ಬಂದಿತ್ತು. ಆದರೆ ಅವರ ಪಾಳಿ ಆಕೆಗೆ ಹೋಗಿತ್ತು, ಆಕೆಯದು ಅವರಿಗೆ ಬಂದಿರಲಿಲ್ಲ.

ನಾನು ಹೋದಾಗ ಇಬ್ಬರೂ ಸಂಘದ ಬಾಗಿಲಲ್ಲೇ ಇದ್ದರು.

"ನಿನ್ನೆ ನನ್ನ ಹೊಲಕ್ಕ ಮತ್ತ ನೀರು ಬಂತ್ರಿ ಅಕ್ಕಾರ. ಕಾಕಾರು ಬದುವಿನ ಮ್ಯಾಲ ಕಾಯಾಕತ್ತಿದ್ರು. ನಾನ ಅವರ ಕಡೆ ತಿರುವಿದ್ನಿ," ಎಂದಳು ಆಕೆ.

"ಈಕಿ ತಿರುವಿದ್ಲು ಅಂತ ಆತು," ಎಂದರು ಹಿರಿಯರು. "ನಿಮ್ಮ ಕಂಪ್ಯೂಟರ್ ಆಗೇತಿ ಅಂದಿತ್ತಲ್ರಿ?"

ಕೋಡ್ ತೆರೆದು ಕೂತೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಮತ್ತೆ ಪರದೆ ನೋಡಬೇಕೆನಿಸುತ್ತಿತ್ತು. ನಡುನಡುವೆ ಬೇರೆ ರೈತರು ಇಣುಕಿ, "ನಮ್ಮ ಪಾಳಿ ಬರೋಬರಿ ಐತೇನ್ರಿ?" ಎಂದು ಕೇಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ತಪ್ಪು ಸಿಕ್ಕಿತು. ಎರಡು ಬದಲಾವಣೆಗಳೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಅಂದರೆ ಒಂದೇ ಗಂಟಿನಲ್ಲಿ ಕಟ್ಟಿದಂತೆ, ಒಟ್ಟಿಗೇ ಕಾಯಂ ಆಗಬೇಕಿತ್ತು. ಆದರೆ ಮೊದಲನೆಯದನ್ನು ಬರೆಯುವ ಕೋಡ್, ಆಗಲೇ ಒಂದು ಟ್ರಾನ್ಸಾಕ್ಷನ್ ತೆರೆದಿದೆಯೇ ಎಂದು ನೋಡದೆ, ತನ್ನ ಬರಹ ಮುಗಿದೊಡನೆ ಅದನ್ನು ಮುಚ್ಚಿಬಿಡುತ್ತಿತ್ತು. ಅಷ್ಟಕ್ಕೇ ಪರದೆ ‘ಬದಲಾಗಿದೆ’ ಎನ್ನುತ್ತಿತ್ತು. ಅಂದು ಎರಡನೆಯದನ್ನು ಬರೆಯುವ ಮೊದಲೇ ಕರೆಂಟ್ ಹೋಗಿತ್ತು.

ಟ್ರಾನ್ಸಾಕ್ಷನ್ ತೆರೆದ ಕೋಡೇ ಅದನ್ನು ಮುಚ್ಚಬೇಕು, ನಡುವೆ ಬರೆಯುವ ಕೋಡ್ ಅದು ತೆರೆದಿದ್ದರೆ ಮುಚ್ಚದೆ ಬಿಡಬೇಕು, ಎರಡೂ ಕಾಯಂ ಆದಮೇಲಷ್ಟೇ ಪರದೆ ಮಾತಾಡಬೇಕು ಎಂದು ತಿದ್ದಿದೆ. ಆದರೂ ಧೈರ್ಯ ಬರಲಿಲ್ಲ. ಇಬ್ಬರನ್ನೂ ಒಳಗೆ ಕರೆದೆ. ಮೊದಲನೆಯದನ್ನು ಬರೆದು ತುಸು ಹೊತ್ತು ನಿಲ್ಲುವಂತೆ ಮಾಡಿ, ಪಾಳಿ ಬದಲಿಸಲು ಕಂಪ್ಯೂಟರಿಗೆ ಕೊಟ್ಟು, "ಈಗ ಕರೆಂಟಿನ ವಾಯರ್ ಕೀಳ್ರಿ," ಎಂದೆ. ಆಕೆ ಕಿತ್ತಳು. ಮತ್ತೆ ಹಚ್ಚಿದಾಗ ಎರಡೂ ಪಾಳಿಗಳು ಮೊದಲಿದ್ದಂತೆಯೇ ಇದ್ದವು.

"ಅರ್ಧಾ ಆಗೂದಿಲ್ಲ ಹಂಗಾರ?" ಹಿರಿಯರು ಕೇಳಿದರು.

"ಇಲ್ರಿ ಕಾಕಾರ. ಆತಂದ್ರ ಎರಡೂ ಆಕ್ಕಾವು, ಇಲ್ಲಂದ್ರ ಎರಡೂ ಇಲ್ಲ."

ಅವರು ಆಕೆಯ ಕಡೆ ತಿರುಗಿ, "ಇನ್ನೊಮ್ಮಿ ಕೀಳು," ಎಂದರು.

ಆಕೆ ಮತ್ತೆ ಕಿತ್ತಳು. ಹಾಗೆಯೇ ಆಯಿತು. ಇಬ್ಬರೂ ಹೊಲದ ಕಡೆ ಹೊರಟರು.

ನನಗೆ ಮಾತ್ರ ಬಸ್ಸಿನಲ್ಲೂ ಸಮಾಧಾನವಿಲ್ಲ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಉಳಿದ ಕೋಡ್ ಓದುತ್ತ ಬಂದೆ. ರಾಯಬಾಗ ದಾಟುವಷ್ಟರಲ್ಲಿ, ಹೊಸ ಸದಸ್ಯರನ್ನು ಸೇರಿಸುವ ಕಡೆಯೂ ಅದೇ ತಪ್ಪು ಕಂಡಿತು. ಸಂಘಕ್ಕೆ ಫೋನ್ ಮಾಡಿ, ನಾಳೆ ನಾನು ಬರುವತನಕ ಯಾರನ್ನೂ ಸೇರಿಸಬೇಡಿ ಎಂದೆ.