ಅರಿಶಿನದ ಹೇಳಿಕೆ

ಕೊಯಮತ್ತೂರಿನ ಆ ದೊಡ್ಡ ಆಡಿಟ್ ಆಫೀಸಿನಲ್ಲಿ ನನಗೆ ಸಿ.ಎ. ತರಬೇತಿಯ ಆರ್ಟಿಕಲ್‌ಶಿಪ್ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪರೀಕ್ಷೆ ಪಾಸಾಗಿದ್ದೆ, ನಿಜ. ಆದರೆ ಈರೋಡ್ ಜಿಲ್ಲೆಯ ಬೆಟ್ಟದ ಮೇಲಿನ ಕನ್ನಡ ಸೀಮೆ ತಾಳವಾಡಿಯಿಂದ ಇಳಿದುಬಂದು, ತಮಿಳು ಮಾತಾಡುತ್ತ ನಡುವೆ ಕನ್ನಡ ಉದುರಿಸುವ ಹುಡುಗಿಗೆ ಮೂರು ವರ್ಷ ತೆರಿಗೆ ಕೆಲಸ ಕಲಿಸಲು ಅಲ್ಲಿ ಯಾರೂ ಕಾದು ಕೂತಿರಲಿಲ್ಲ. ಶಿಫಾರಸು ಮಾಡಿದವರು ಒಬ್ಬ ಗಿರಣಿ ಮಾಲೀಕರು. ಅವರು ನಮ್ಮೂರ ಹತ್ತಿರ ತಿಗನಾರೆ ಕಡೆ ಕಾಡಂಚಿನಲ್ಲಿ ಹನ್ನೆರಡು ಎಕರೆ ಹೊಲ ಕೊಂಡಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವನು ನನ್ನ ಅಪ್ಪ. ಅಪ್ಪ ಅವರನ್ನು ತಮಿಳಿನವರ ಹಾಗೆ ಮೊದಲಾಳಿ ಎನ್ನುತ್ತಿದ್ದ. ಅಪ್ಪನ ಸಂಬಳ, ನನ್ನ ಓದು, ಎರಡೂ ಆ ಒಬ್ಬ ಮನುಷ್ಯನ ಕೈಯಲ್ಲಿದ್ದವು. ಆಫೀಸಿನಲ್ಲಿ ಈ ಸಂಬಂಧವನ್ನು ನಾನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ತೆರಿಗೆ ವಿಭಾಗ ಎರಡನೇ ಮಹಡಿಯಲ್ಲಿತ್ತು. ತೆರಿಗೆ ಕಲಿಯುತ್ತೇನೆ ಎಂದು ಹೋದವಳು ಮೊದಲ ವರ್ಷವೆಲ್ಲ ಕಲಿತದ್ದು ಜೆರಾಕ್ಸ್ ಮಿಷನ್ನಿನ ಸಿಟ್ಟು ಸೆಡವುಗಳನ್ನು. ಚಲನ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸು, ತೂತು ಹಾಕು, ಫೈಲಿಗೆ ಪೋಣಿಸು, ತೆರಿಗೆ ಕಚೇರಿಗೆ ಹೋಗಿ ಸೀಲು ಹಾಕಿಸಿಕೊಂಡು ಬಾ. ನನ್ನ ಮೇಲಿನ ಸೀನಿಯರ್ ತಿರುನೆಲ್ವೇಲಿಯವರು. ಕನ್ನಡದ ಒಂದಕ್ಷರ ಬಾರದು. ಕೆಟ್ಟವರಲ್ಲ, ಟೀ ತರಿಸಿದರೆ ನನಗೂ ಸೇರಿಸಿಯೇ ತರಿಸುತ್ತಿದ್ದರು.

ಒಂದು ದಿನ ಅವರು ಕೊಟ್ಟ ಫೈಲು ಮೊದಲಾಳಿಯದಾಗಿತ್ತು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ. ಮೊದಲಾಳಿ ಅದನ್ನು ದೊಡ್ಡದಾಗಿಯೇ ತೋರಿಸಿದ್ದರು. ಆ ಹೊಲದಲ್ಲಿ ಏನು ಬೆಳೆದಿರಿ ಎಂದು ಇಲಾಖೆಯಿಂದ ನೋಟಿಸು ಬಂದಿತ್ತು. ಹಿಂದಿನ ಮೂರು ವರ್ಷದ ರಿಟರ್ನುಗಳಲ್ಲೂ ಅರಿಶಿನ ಎಂದೇ ಬರೆದಿತ್ತು. ನನಗೆ ನಗು ಬಂತು. ಕೆಳಗಿನವರಿಗೆ ಈರೋಡ್ ಜಿಲ್ಲೆ ಎಂದರೆ ಮುಗಿಯಿತು, ಅರಿಶಿನ. ಆ ಹೊಲಕ್ಕೆ ಬಾವಿಯಿಲ್ಲ, ಬೋರಿಲ್ಲ. ಮಳೆ ಬಂದರೆ ಜೋಳ, ಇಲ್ಲದಿದ್ದರೆ ಹುರುಳಿ. ನೋಟಿಸಿನಲ್ಲಿ ಕೇಳಿದ್ದ ವರ್ಷ ಹಾಕಿದ್ದ ಜೋಳವನ್ನು ಆನೆಗಳು ತುಳಿದು ಮಲಗಿಸಿದ್ದನ್ನು ದೀಪಾವಳಿಗೆ ಹೋದಾಗ ನಾನೇ ಕಣ್ಣಾರೆ ಕಂಡಿದ್ದೆ. ಹಾಳೆ ತಿರುವಿದರೆ, ಹೊಲ ನೋಡಿಕೊಳ್ಳುವವರು ಎಂದು ಅಪ್ಪನ ಹೆಸರು, ಪಕ್ಕದಲ್ಲಿ ಮೊದಲಾಳಿ ಕೊಡಿಸಿದ್ದ ಮೊಬೈಲಿನ ನಂಬರು. ನಗು ಅಲ್ಲೇ ನಿಂತಿತು.

ಉತ್ತರ ಬರೆಯುವ ಮುನ್ನ ಸೀನಿಯರ್ ಆ ನಂಬರಿಗೆ ಫೋನು ಹಚ್ಚಿ ತಮಿಳಿನಲ್ಲಿ ಕೇಳತೊಡಗಿದರು. ಅಪ್ಪನಿಗೆ ತಮಿಳು ಚೆನ್ನಾಗಿ ಬರುತ್ತದೆ. ಸಂತೆಯಲ್ಲಿ ತಮಿಳಿನವರ ಜೊತೆ ಜಗಳವನ್ನೇ ಆಡಬಲ್ಲ. ಆದರೆ ಆಫೀಸಿನ ದನಿ ಕೇಳಿದರೆ ಸಾಕು, ಒಪ್ಪಿಕೊಳ್ಳುವುದೊಂದು ಬಿಟ್ಟು ಬೇರೆ ಮಾತೇ ಹೊರಡದು. ಅರಿಶಿನ ಹಾಕಿದ್ದಿರಾ ಎಂದರೆ ಆಮಾ ಸಾರ್. ಬೇರೆ ಬೆಳೆ ಹಾಕಿದ್ದಿರಾ ಎಂದರೂ ಆಮಾ ಸಾರ್. ಹಣೆ ಚಚ್ಚಿಕೊಂಡ ಸೀನಿಯರ್ ಸ್ಪೀಕರ್ ಹಾಕಿ ಫೋನು ನನ್ನ ಕಡೆ ತಳ್ಳಿದರು. ನಿಮ್ಮ ಕಡೆಯವನೇ, ಕನ್ನಡದಲ್ಲಿ ಕೇಳು ಎಂದರು.

ಹೋದ ವರ್ಷ ಹೊಲಕ್ಕೆ ಏನು ಹಾಕಿದ್ದಿರಿ ಎಂದು ಯಾರೋ ಅಪರಿಚಿತರನ್ನು ಕೇಳುವ ಹಾಗೆ ಬಹುವಚನ ಹಚ್ಚಿ ಕೇಳಿದೆ. ಅಪ್ಪನಿಗೆ ನನ್ನ ದನಿಯ ಗುರುತು ಹತ್ತಿತು. ಉಂಡೆಯಾ ಎಂದು ಕೇಳಿದ. ನಾನು ಪ್ರಶ್ನೆಯನ್ನು ಮತ್ತೆ ಹೇಳಿದೆ.

“ನಿಂಗ್ ಗೊತ್ತಿಲ್ವಾ ಮಗಾ? ಜ್ವಾಳ ಆಕಿದ್ದು, ಆನೆಗೋಳು ತುಳ್ದಾಕ್ಬುಟ್ಟೊ. ಮೊದ್ಲಾಳಿ ಅರಿಸ್ನ ಅಂತ ಅನ್ನು ಅಂದವ್ರೆ. ನಾನ್ ಏನನ್ಲಿ? ನೀ ಓದ್ದೋಳು, ನೀನೇ ಯೋಳು.”

ಸೀನಿಯರ್ ಪೆನ್ನು ಹಿಡಿದು ನನ್ನ ಮುಖ ನೋಡುತ್ತಿದ್ದರು. ಏನಂತೆ ಎಂದರು. ಅರಿಶಿನ ಎಂದುಬಿಟ್ಟರೆ ಅಪ್ಪನ ಕೆಲಸವೂ ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಆದರೆ ಆ ಕಡೆ ಅಪ್ಪ ಕೇಳಿಸಿಕೊಳ್ಳುತ್ತಿದ್ದ. ಅವನ ಎದುರಿಗೆ ನನಗೆ ಸುಳ್ಳು ಬರಲಿಲ್ಲ. ಜೋಳ ಸಾರ್, ಅದೂ ಕೈಗೆ ಬಂದಿಲ್ಲ ಎಂದೆ. ಅಪ್ಪ ಫೋನು ಇಟ್ಟುಬಿಟ್ಟ.

ಸೀನಿಯರ್ ಕೋಪ ಮಾಡಿಕೊಳ್ಳಲಿಲ್ಲ. ಮೂರು ವರ್ಷ ಅರಿಶಿನ ಎಂದು ಹೋಗಿದೆ, ಈಗ ಜೋಳ ಎಂದರೆ ಹಿಂದಿನದೆಲ್ಲ ಕೆದಕುತ್ತಾರೆ, ಕಾವಲಿನವನಿಗೆ ಏನು ಗೊತ್ತು ಎಂದರು. ನಾನು ಹಟಕ್ಕೆ ಬಿದ್ದು, ನಾನೇ ನೋಡಿದ್ದೇನೆ ಎಂದೆ. ನೀನು ಹೇಗೆ ನೋಡಿದೆ ಎಂದರು. ಫೋನಿನಲ್ಲಿದ್ದವರು ನನ್ನ ತಂದೆ ಎಂದು ಹೇಳಲೇಬೇಕಾಯಿತು. ಸೀನಿಯರ್ ಪೆನ್ನಿನ ಮುಚ್ಚಳ ಹಾಕಿದರು. ಹಾಗಾದರೆ ಒಳ್ಳೆಯದೇ ಆಯಿತು ಎಂದರು. ಅರಿಶಿನ ಬೆಳೆದೆ ಎಂದು ನಿನ್ನಪ್ಪ ಹೇಳಿದ ಹಾಗೆ ನೀನೇ ಕನ್ನಡದಲ್ಲಿ ಒಂದು ಹೇಳಿಕೆ ಬರೆ, ಭಾನುವಾರ ಊರಿಗೆ ಹೋಗಿ ರುಜು ಹಾಕಿಸಿಕೊಂಡು ಬಾ, ಬೇರೆಯವರು ಹೋದರೆ ಹಾಕುತ್ತಾನೋ ಇಲ್ಲವೋ, ನಿನಗೆ ಇಲ್ಲ ಎನ್ನುವುದಿಲ್ಲ ಎಂದರು. ಆಮೇಲೆ ಟೀ ತರಿಸಿದರು, ನನಗೂ ಸೇರಿಸಿ.

ಆಗುವುದಿಲ್ಲ ಎಂದು ಎದ್ದು ಬರಬಹುದಿತ್ತು ಎಂದು ಈಗ ಹೇಳುವುದು ಸುಲಭ. ಇನ್ನೂ ಎರಡು ವರ್ಷದ ಆರ್ಟಿಕಲ್‌ಶಿಪ್ ಬಾಕಿ ಇತ್ತು. ನಾನು ಬರೆದೆ. ಹೈಸ್ಕೂಲಿನಲ್ಲಿ ಹೊಗಳಿಸಿಕೊಂಡಿದ್ದ ನನ್ನ ದುಂಡು ಅಕ್ಷರದಲ್ಲೇ ಬರೆದೆ. ಭಾನುವಾರ ಊರಿನ ಬಸ್ಸಿನಲ್ಲಿ, ದಿಂಬಂ ಘಾಟಿಯ ತಿರುವುಗಳುದ್ದಕ್ಕೂ ಆ ಹಾಳೆ ಇದ್ದ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಪ್ಪ ಇದನ್ನು ಹರಿದು ಬಿಸಾಕಲಿ, ನನಗೆ ಎರಡು ಬಿಡಲಿ ಎಂದು ಹಾರೈಸುತ್ತ ಕೂತಿದ್ದೆ.

ಅಪ್ಪ ಜಗಲಿಯ ಬೆಳಕಿಗೆ ಬಂದು ಕೂತು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದ. ಕೊನೆಗೆ ಮುಟ್ಟಿದವನು ಮತ್ತೆ ಮೊದಲಿಗೆ ಹೋದ. ಅವನ ಹುಬ್ಬು ಗಂಟಿಕ್ಕಿದ್ದು ನೋಡಿ ನನಗೆ ಒಳಗೊಳಗೇ ಆಸೆ ಹುಟ್ಟಿತು.

“ಅರಿಸ್ನಕ್ಕೆ ನೀರ್ ಬೇಕಲ್ಲವ್ವಾ,” ಎಂದ. “ಬೋರ್ ಅದೆ ಅಂತ ಒಂದ್ ಮಾತ್ ಸೇರ್ಸ್ಬುಡು. ಇಲ್ದಿದ್ರೆ ಓದ್ದೋರ್ಗೆ ಅನ್ಮಾನ ಬತ್ತದೆ, ನಿನ್ ಕೆಲ್ಸಕ್ಕೆ ತೊಂದ್ರೆ ಆಯ್ತದೆ.”

ನಾನು ಪೆನ್ನು ತೆಗೆದು, ಜಮೀನಿನಲ್ಲಿ ಕೊಳವೆಬಾವಿ ಇರುತ್ತದೆ ಎಂದು ಸೇರಿಸಿದೆ. ಅಪ್ಪ ಅದರ ಕೆಳಗೆ ರುಜು ಹಾಕಿದ. ಆಮೇಲೆ ಎದ್ದು ನಿಂತು, ಕಚೇರಿಯಲ್ಲಿ ಸಾಹೇಬರಿಗೆ ಕೊಡುವವನ ಹಾಗೆ, ಎರಡೂ ಕೈಯಲ್ಲಿ ಹಿಡಿದು ಆ ಹಾಳೆಯನ್ನು ನನಗೆ ಕೊಟ್ಟ.