ಸೂಜಕ್ಕ ಹೊತ್ತ ಚೀಲ

ಬೆಟ್ಟ ಹತ್ತುವವರ ದೊಡ್ಡ ಚೀಲಗಳನ್ನು ಇಪ್ಪತ್ತಾರು ವರ್ಷ ಹೊಲಿದ ಆ ಹೆಂಗಸು ಒಮ್ಮೆಯೂ ಬೆಟ್ಟ ಹತ್ತಿರಲಿಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸೂಜಕ್ಕ ಎಂದೇ ಕರೆಯುತ್ತಿದ್ದರು. ಮಿಷನ್ನಿನ ದಪ್ಪ ಸೂಜಿ ಎರಡು ಸಲ ಅವಳ ಉಗುರನ್ನು ತೂರಿ ಹೋಗಿತ್ತು. ಎರಡು ಸಲವೂ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕೈಗೆತ್ತಿಕೊಂಡ ಚೀಲವನ್ನು ಮುಗಿಸಿಯೇ ಎದ್ದಿದ್ದಳು.

ಹೊಸ ಮಾದರಿಯ ಚೀಲ ತಯಾರಾದಾಗಲೆಲ್ಲ ಅದನ್ನು ಹೊತ್ತು ನಾಲ್ಕು ದಿನ ಬೆಟ್ಟದಲ್ಲಿ ನಡೆದು, ಎಲ್ಲಿ ಒತ್ತುತ್ತದೆ, ಎಲ್ಲಿ ಹರಿಯುತ್ತದೆ ಎಂದು ಬರೆದುಕೊಡುವ ಕೆಲಸ ಅವಳ ತಮ್ಮನದು. ನೋಡಲು ಕಡ್ಡಿಯಂಥ ಆಳು, ಹದಿನೆಂಟು ಕಿಲೋ ಬೆನ್ನಿಗೇರಿಸಿ ಸಿಳ್ಳೆ ಹಾಕುತ್ತ ನಡೆಯುತ್ತಿದ್ದ. ಒಮ್ಮೆ ಅವನು, “ಅಕ್ಕಾ, ಈ ಸೊಂಟದ ಪಟ್ಟಿಯ ಬಕಲ್ ಹೊಟ್ಟೆ ಕಚ್ಚುತ್ತೆ ಕಣೇ” ಎಂದ. ಸೂಜಕ್ಕ ಬಕಲ್ಲಿನ ಮೇಲೆ ಮೆತ್ತನೆಯ ಬಟ್ಟೆಯ ಹೊದಿಕೆಯೊಂದನ್ನು ಹೊಲಿದುಕೊಟ್ಟಳು. ಅದು ಕಾರ್ಖಾನೆಯ ಯಜಮಾನನಿಗೂ ಹಿಡಿಸಿತು. ಮಾರಾಟದ ಚೀಲಗಳಿಗೂ ಹೊದಿಕೆ ಬಂತು.

ಮುಂದಿನ ನಡಿಗೆಯಲ್ಲಿ ಹೊಳೆ ದಾಟುವಾಗ ತಮ್ಮ ಕಾಲು ಜಾರಿ ಬಿದ್ದ. ಎದೆಮಟ್ಟದ ನೀರು, ಈಜು ಬಲ್ಲವನು. ಆದರೆ ಬೆನ್ನ ಮೇಲಿನ ಭಾರ ಅವನನ್ನು ಏಳಗೊಡಲಿಲ್ಲ. ಹೆಣ ಸಿಕ್ಕಾಗ ಸೊಂಟದ ಬಕಲ್ ಹಾಕಿದ್ದು ಹಾಕಿದಂತೆಯೇ ಇತ್ತು.

ಹಣೆಬರಹ ಎಂದರು ಎಲ್ಲರೂ. ಸೂಜಕ್ಕ ತುಟಿ ಬಿಚ್ಚಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಮ್ಮನ ಹೆಂಡತಿ ಅಂದಿನಿಂದ ಅವಳ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

ವರ್ಷ ಕಳೆದ ಮೇಲೆ ಯಜಮಾನ ಇನ್ನೂ ದೊಡ್ಡ ಚೀಲವೊಂದರ ಮಾದರಿ ಹೊಲಿಯಲು ಹೇಳಿದ. ಹೊದಿಕೆಯವರೆಗೆ ಬಂದಾಗ ಸೂಜಕ್ಕನ ಕಾಲು ಪೆಡಲಿನ ಮೇಲೆ ಅಲ್ಲಾಡದೆ ನಿಂತಿತು. ಹೇಗೋ ಹೊಲಿದು ಮುಗಿಸಿ, ಯಜಮಾನನ ಮುಂದೆ ಹೋಗಿ ನಿಂತಳು.

“ಇದನ್ನ ನಾನೇ ಹೊತ್ಕೊಂಡು ಹೋಗ್ತೀನಿ.”

“ನೀವಾ? ಐವತ್ತು ದಾಟಿತಲ್ಲ ಸೂಜಕ್ಕ!”

“ಹೊಲಿಯೋಕೆ ಅಡ್ಡ ಬರದ ವಯಸ್ಸು ಹೊರೋಕೆ ಬರುತ್ತಾ?”

“ನೋಡ್ತಿರಿ, ಚೀಲವೇ ಸೂಜಕ್ಕನ್ನ ಹೊತ್ಕೊಂಡು ವಾಪಸ್ ಬರುತ್ತೆ” ಎಂದ ಬಟ್ಟೆ ಕತ್ತರಿಸುವವನು. ಯಾರೂ ನಗಲಿಲ್ಲ. ಅವನೂ ತಲೆ ತಗ್ಗಿಸಿ ಕತ್ತರಿ ಹಿಡಿದ.

ಹೊರಡುವ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ತಮ್ಮನ ಹೆಂಡತಿ ಕಾದು ನಿಂತಿದ್ದಳು. ಕೈಯಲ್ಲಿ ಒಂದು ಸುರುಳಿ ಹಗ್ಗ.

“ಕಾರ್ಖಾನೆ ಯಜಮಾನ್ರು ಹೇಳಿದ್ರು. ನಿಮಗೆ ದಾರಿ ಗೊತ್ತಿಲ್ಲ. ನಾನು ನಿಮ್ಮ ತಮ್ಮನ ಜೊತೆ ಎರಡು ಸಲ ಹೋಗಿದ್ದೀನಿ.”

ಅಷ್ಟೇ ಮಾತು. ಮೊದಲ ದಿನದ ಏರಿನಲ್ಲಿ ಸೂಜಕ್ಕನಿಗೆ ತಾನು ಹೊಲಿದ ಒಂದೊಂದು ಹೊಲಿಗೆಯೂ ಮೈಮೇಲೆ ತಿಳಿಯಿತು. ಭುಜದ ಪಟ್ಟಿಯ ಅಂಚು ಕುತ್ತಿಗೆಯ ಬುಡವನ್ನು ಕೊರೆಯಿತು. ಎರಡನೆಯ ದಿನ ಸೊಂಟದ ಎರಡೂ ಮೂಳೆಗಳ ಮೇಲೆ ಚರ್ಮ ಕಿತ್ತು ಬಂತು. ತಮ್ಮನ ಹೆಂಡತಿ ಡೇರೆಯೊಳಗೆ ಔಷಧಿ ಹಚ್ಚಿ ಪಟ್ಟಿ ಕಟ್ಟಿದಳು, ಆಸ್ಪತ್ರೆಗೆ ಬಂದ ಯಾರಿಗೋ ಕಟ್ಟುವ ಹಾಗೆ. ನೋವಾಗುತ್ತಿದೆಯೇ ಎಂದು ಕೇಳಲಿಲ್ಲ.

ಮೂರನೆಯ ದಿನ ಹೊಳೆ ಸಿಕ್ಕಿತು. ಹರಿವು ಕಡಿಮೆಯಿದ್ದ ಕಡೆ ಸೂಜಕ್ಕ ಹಗ್ಗದ ಒಂದು ತುದಿಯನ್ನು ಕಂಕುಳ ಕೆಳಗೆ ಸುತ್ತಿ ಬಿಗಿದಳು. ಇನ್ನೊಂದು ತುದಿಯನ್ನು ಮರಕ್ಕೆ ಒಂದು ಸುತ್ತು ಹಾಕಿ ತಮ್ಮನ ಹೆಂಡತಿ ಹಿಡಿದುಕೊಂಡಳು.

“ನಾನು ನೀರಲ್ಲಿ ಕೂತ್ಕೋತೀನಿ. ಬಕಲ್ ಬಿಚ್ಚೋವರೆಗೂ ಎಣಿಸು.”

ಸೂಜಕ್ಕ ಚೀಲದ ಸಮೇತ ಕುತ್ತಿಗೆಯವರೆಗೆ ಮುಳುಗಿ ಕುಳಿತಳು. ಹೊದಿಕೆಯ ಬಟ್ಟೆ ನೀರು ಕುಡಿದು ಬಕಲ್ಲಿಗೆ ಬಿಗಿಯಾಗಿ ಅಂಟಿಕೊಂಡಿತು. ಬೆರಳಿಗೆ ಹೊದಿಕೆಯ ಅಂಚೇ ಸಿಗಲೊಲ್ಲದು. ಇಪ್ಪತ್ತಾಯಿತು, ಮೂವತ್ತಾಯಿತು. ನಲವತ್ತೊಂದಕ್ಕೆ ಬಕಲ್ ಬಿಚ್ಚಿತು. ದಡಕ್ಕೆ ಬಂದು, ಚೂರಿಯಿಂದ ಹೊದಿಕೆಯನ್ನು ಕೊಯ್ದುಹಾಕಿ ಮತ್ತೆ ಇಳಿದಳು. ಈ ಸಲ ಎರಡು ಎನ್ನುವಷ್ಟರಲ್ಲಿ ಬಿಚ್ಚಿಹೋಯಿತು.

ಸೂಜಕ್ಕ ನಡುಗುತ್ತ ಬಂಡೆಯ ಮೇಲೆ ಕುಳಿತಳು. “ಅದು ನಂದೇ ಕೆಲಸ. ಅವನಿಗೆ ಹಿತವಾಗಿರಲಿ ಅಂತ ನಾನೇ ಹೊಲಿದಿದ್ದೆ. ಆವತ್ತೇ ನಿನಗೆ ಹೇಳಬೇಕಿತ್ತು.”

“ನನಗೆ ಗೊತ್ತಿತ್ತು” ಎಂದಳು ತಮ್ಮನ ಹೆಂಡತಿ, ಹಗ್ಗ ಸುತ್ತುತ್ತ. “ಅಕ್ಕ ನನಗೋಸ್ಕರ ಹೊಲಿದಿದ್ದಾಳೆ ಅಂತ ಅವರೇ ಹೊಟ್ಟೆ ತಟ್ಕೊಂಡು ತೋರಿಸಿದ್ರು.”

“ಗೊತ್ತಿದ್ದೂ ಜೊತೇಲಿ ಬಂದ್ಯಾ?”

“ನೀವಾಗಿ ಬಾಯಿಬಿಟ್ಟು ಹೇಳ್ತೀರೋ ಇಲ್ವೋ ಅಂತ ನೋಡಬೇಕಿತ್ತು.”

ಆಮೇಲೆ ತಮ್ಮನ ಹೆಂಡತಿ ಬಂಡೆಗೆ ಒರಗಿ ಅತ್ತಳು. ವರ್ಷವಿಡೀ ಯಾರ ಮುಂದೆಯೂ ಅಷ್ಟು ಅತ್ತಿರಲಿಲ್ಲ. ಸೂಜಕ್ಕ ಅವಳನ್ನು ಮುಟ್ಟಲು ಅಂಜಿ, ಪಕ್ಕದಲ್ಲಿ ಕುಳಿತಿದ್ದಳು. ಎಷ್ಟೋ ಹೊತ್ತಿನ ಮೇಲೆ ತಮ್ಮನ ಹೆಂಡತಿಯೇ, “ಒದ್ದೆ ಬಟ್ಟೆ ಬದಲಾಯಿಸಿ ಅಕ್ಕ, ಜ್ವರ ಬಂದೀತು” ಎಂದಳು. ನಾಲ್ಕನೆಯ ದಿನದ ಇಳಿಜಾರಿನಲ್ಲಿ ದೊಡ್ಡ ಚೀಲವನ್ನು ಕಿತ್ತುಕೊಂಡು ತನ್ನ ಬೆನ್ನಿಗೇರಿಸಿದಳು.

ಸೂಜಕ್ಕ ಎಲ್ಲವನ್ನೂ ಬರೆದುಕೊಟ್ಟಳು, ಹೊದಿಕೆ ಯಾರ ಕೈಕೆಲಸ ಎಂಬುದನ್ನೂ. ಯಜಮಾನ ಕಾಗದವನ್ನು ಎರಡು ಸಲ ಓದಿದ.

“ಮಾರಿದ ಚೀಲಗಳನ್ನೆಲ್ಲ ವಾಪಸ್ ಕೇಳಿದ್ರೆ ನಮ್ಮ ಹೆಸರು ಕೆಡುತ್ತೆ ಸೂಜಕ್ಕ.”

“ಇನ್ನೊಬ್ಬರ ಮನೆಗೆ ಹೆಣ ಬಂದ್ರೆ ಉಳಿಯುತ್ತಾ?”

ಮರುವಾರ ಕೊಂಡವರಿಗೆಲ್ಲ ಪತ್ರ ಹೋಯಿತು. ಎಲ್ಲ ಚೀಲಗಳೂ ಮರಳಲಿಲ್ಲ. ಬಾರದೆ ಉಳಿದವುಗಳ ಚಿಂತೆ ಸೂಜಕ್ಕನನ್ನು ಕೊನೆತನಕ ಬಿಡಲಿಲ್ಲ. ಬಂದವನ್ನು ಬೇರೆಯವರ ಕೈಗೆ ಕೊಡದೆ, ಒಂದೊಂದರ ಹೊದಿಕೆಯನ್ನೂ ತಾನೇ ಕುಳಿತು ಬಿಚ್ಚಿದಳು.

ಹೊಸ ಚೀಲಗಳನ್ನು ಹೊತ್ತು ನೋಡುವ ಕೆಲಸವನ್ನು ತಮ್ಮನ ಹೆಂಡತಿ ಕೇಳಿ ಪಡೆದಳು. ವರ್ಷಕ್ಕೆರಡು ಸಲ ಆಸ್ಪತ್ರೆಗೆ ರಜೆ ಹಾಕಿ ಬೆಟ್ಟಕ್ಕೆ ಹೋಗುತ್ತಿದ್ದಳು. ಇಳಿದು ಬಂದವಳು ನೇರ ಮಹಡಿ ಹತ್ತಿ, ಮಣ್ಣಾದ ಚೀಲವನ್ನು ಸೂಜಕ್ಕನ ಮಿಷನ್ನಿನ ಮೇಲೆ ಇಟ್ಟು, “ಎಡ ಭುಜ ಒತ್ತುತ್ತೆ ಅಕ್ಕ, ಬಿಚ್ಚಿ ಹೊಲೀರಿ” ಎನ್ನುತ್ತಿದ್ದಳು.